ಕಡತದಲ್ಲಿ ಉದ್ಯಮಿ, ಊರಿನಲ್ಲಿ?

2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಮಂಡಿಸಲಾದ ಮಹಾಲೇಖಪಾಲರ ವರದಿಯೊಂದು ಕೆಲವು ದಿನ ಸುದ್ದಿಯಾಗಿ ಮರೆಯಾಯಿತು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು 2015ರಿಂದ 2022ರವರೆಗೆ ಹೇಗೆ ನಡೆಯಿತು ಎಂಬುದನ್ನು ಪರಿಶೀಲಿಸಿದ ವರದಿಯದು. ಯೋಜನೆಯ ಎರಡು ಮತ್ತು ಮೂರನೆಯ ಹಂತಗಳಲ್ಲಿ ತರಬೇತಿ ಪಡೆದವರೆಂದು ದಾಖಲಾದ ಸುಮಾರು 95.9 ಲಕ್ಷ ಯುವಕ ಯುವತಿಯರ ಪೈಕಿ ಶೇ. 94.53 ಮಂದಿಯ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸೊನ್ನೆಗಳಿದ್ದುವು, ಇಲ್ಲವೇ 'ಅನ್ವಯಿಸುವುದಿಲ್ಲ' ಎಂದಿತ್ತು, ಇಲ್ಲವೇ ಏನೂ ಇರಲಿಲ್ಲ. ಇನ್ನು ಕೆಲವೆಡೆ ಒಂದೇ ಖಾತೆಯ ಸಂಖ್ಯೆ ಹಲವರ ಹೆಸರಿನ ಮುಂದೆ ಕಾಣಿಸಿಕೊಂಡಿತ್ತು. ಅಲ್ಪಾವಧಿ ಹಾಗೂ ವಿಶೇಷ ತರಬೇತಿಗಳಲ್ಲಿ ಪ್ರಮಾಣಪತ್ರ ಪಡೆದ 56 ಲಕ್ಷದಷ್ಟು ಮಂದಿಯಲ್ಲಿ ಕೆಲಸ ಸಿಕ್ಕಿದ್ದು ಶೇ. 41 ಮಂದಿಗೆ. ಆಧಾರ್ ಜೋಡಿಸಿದ ಖಾತೆಗಳಿಗೆ ಹಣ ನೇರವಾಗಿ ಹೋಗುವ ವ್ಯವಸ್ಥೆ ಇರುವುದರಿಂದ ಆ ಕಾಲಂ ಕಡ್ಡಾಯವಾಗಿ ಉಳಿದಿರಲಿಲ್ಲ ಎಂದು ಸಚಿವಾಲಯ ಸಮಜಾಯಿಷಿ ನೀಡಿತು.

ವಿರೋಧ ಪಕ್ಷಗಳು ಇದನ್ನು ಹಗರಣವೆಂದು ಕರೆದುವು. ಆಡಳಿತ ಪಕ್ಷದವರು ತಾಂತ್ರಿಕ ಲೋಪವೆಂದರು. ಹಗರಣವೋ ಲೋಪವೋ ಎಂಬುದನ್ನು ತನಿಖೆ ನಿರ್ಧರಿಸಲಿ. ನಮ್ಮ ಪ್ರಶ್ನೆ ಬೇರೆ. ಲಕ್ಷಾಂತರ ಸಾಲುಗಳಿರುವ ಒಂದು ಪಟ್ಟಿಯಲ್ಲಿ ಒಂದು ಕಾಲಂ ವರ್ಷಗಟ್ಟಲೆ ಖಾಲಿ ಬಿದ್ದಿದೆಯೆಂದರೆ, ಆ ಪಟ್ಟಿಯನ್ನು ಅಷ್ಟು ವರ್ಷ ಯಾರೂ ಓದಿರಲಿಲ್ಲ ಎಂದೇ ಅರ್ಥವಲ್ಲವೇ? ಸಾಲುಗಳನ್ನು ಎಣಿಸುವವರಿದ್ದರು, ಒಟ್ಟು ಮೊತ್ತವನ್ನು ಭಾಷಣಕ್ಕೆ ಒದಗಿಸುವವರೂ ಇದ್ದರು. ಆದರೆ ಆ ಸಾಲಿನೊಳಗಿನ ಮನುಷ್ಯ ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ತಿಳಿಯಲು ಅದನ್ನು ತೆರೆದವರು ಇರಲಿಲ್ಲ.

ನೌಕರಿಗಾಗಿ ಕೊಡುವ ತರಬೇತಿಯಲ್ಲೇ ಹೀಗಾದರೆ ಸ್ವಯಂ ಉದ್ಯೋಗದ ತರಬೇತಿಯ ಪಾಡೇನು? ನೌಕರಿ ಸಿಕ್ಕಿತೇ ಎಂದು ನೋಡಲು ನೇಮಕ ಪತ್ರವಿದೆ, ಸಂಬಳದ ಚೀಟಿಯಿದೆ. ಯುವಕನೊಬ್ಬ ತಾನೇ ಅಂಗಡಿ ಇಟ್ಟರೆ, ಕೋಳಿ ಸಾಕಿದರೆ, ಮೊಬೈಲ್ ರಿಪೇರಿಗೆ ಕುಳಿತರೆ ಅದು ನಡೆಯುತ್ತಿದೆಯೇ ಎಂದು ಹೇಳುವ ಚೀಟಿ ಯಾವುದೂ ಇಲ್ಲ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದ ಫೋಟೋ ಇರುತ್ತದೆ. ಎಂಟು ತಿಂಗಳ ಬಳಿಕ ಶಟರ್ ಎಳೆದ ದಿನದ ಫೋಟೋ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಯುವ ಉದ್ಯಮಶೀಲತೆಯ ಯೋಜನೆಗಳಲ್ಲಿ ನಿಗಾ, ಮೌಲ್ಯಮಾಪನ ಮತ್ತು ಕಲಿಕೆ ಎಂಬ ಮೂರು ಕೆಲಸಗಳು ಬೇರೆಲ್ಲ ಕಡೆಗಿಂತ ಹೆಚ್ಚು ಮುಖ್ಯ. ದುರದೃಷ್ಟವಶಾತ್, ಅತ್ಯಂತ ನಿರ್ಲಕ್ಷಿತವಾಗಿರುವುದೂ ಅವೇ.

ಈ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಈಗ ರೂಢಿಯಾಗಿದೆ. ಆದರೆ ಅವು ಒಂದೇ ಅಲ್ಲ. ಯೋಜಿಸಿದ್ದು ನಡೆಯುತ್ತಿದೆಯೇ, ನಲವತ್ತು ಮಂದಿಯ ತಂಡದಲ್ಲಿ ನಲವತ್ತು ಮಂದಿ ಕೊನೆಯ ದಿನದವರೆಗೆ ಇದ್ದರೇ ಎಂದು ನೋಡುವುದು ನಿಗಾ. ಆ ತರಬೇತಿಯಿಂದಲೇ ಅವರ ಬದುಕಿನಲ್ಲಿ ಬದಲಾವಣೆ ಬಂತೇ, ತರಬೇತಿ ಇಲ್ಲದಿದ್ದರೂ ಅದು ಬರುತ್ತಿತ್ತೇ ಎಂದು ಕೇಳುವುದು ಮೌಲ್ಯಮಾಪನ. ಸಿಕ್ಕಿದ ಉತ್ತರದ ಆಧಾರದಲ್ಲಿ ಮುಂದಿನ ವರ್ಷದ ಯೋಜನೆಯನ್ನು ತಿದ್ದುವುದು ಕಲಿಕೆ. ನಮ್ಮಲ್ಲಿ ಮೊದಲನೆಯದು ಅರೆಬರೆಯಾಗಿ ನಡೆಯುತ್ತದೆ. ಎರಡನೆಯದು ಅನುದಾನ ಕೊಟ್ಟವರು ಕೇಳಿದರೆ ನಡೆಯುತ್ತದೆ. ಮೂರನೆಯದು ವರದಿಯ ಕೊನೆಯ ಪುಟದಲ್ಲಿ 'ಶಿಫಾರಸುಗಳು' ಎಂಬ ತಲೆಬರಹದಡಿ ಮಲಗಿರುತ್ತದೆ.

ಇದು ಪರದೇಶದಿಂದ ಬಂದ ಹೊಸ ಬಗೆಯ ವಿದ್ಯೆ, ನಮ್ಮ ನೆಲಕ್ಕೆ ಒಗ್ಗದು ಎನ್ನುವವರಿದ್ದಾರೆ. ಅವರು ಒಂದು ಸಂಗತಿಯನ್ನು ತಿಳಿದಿರಬೇಕು. ಉದ್ಯಮಶೀಲತೆಯನ್ನು ತರಬೇತಿಯ ಮೂಲಕ ಬೆಳೆಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಪರೀಕ್ಷೆಗೊಡ್ಡಿದ್ದು ನಮ್ಮ ನೆರೆಯ ಆಂಧ್ರದಲ್ಲಿ. 1964ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜೊತೆ ಸೇರಿ ಕಾಕಿನಾಡದ 52 ಮಂದಿ ವ್ಯಾಪಾರಸ್ಥರಿಗೆ ಕೆಲವು ದಿನಗಳ ತರಬೇತಿ ನೀಡಿದರು. ಇವರು ಹೊಸಬರಲ್ಲ, ಆಗಲೇ ವ್ಯಾಪಾರದಲ್ಲಿದ್ದವರು. ಸಾಧಿಸಬೇಕೆಂಬ ಒಳತುಡಿತವನ್ನು ಬೆಳೆಸುವುದು ಆ ತರಬೇತಿಯ ಉದ್ದೇಶವಾಗಿತ್ತು. ಮೆಕ್‌ಕ್ಲೆಲೆಂಡ್ ಅಲ್ಲಿಗೇ ನಿಲ್ಲಲಿಲ್ಲ. ತರಬೇತಿ ಪಡೆಯದ, ಆದರೆ ಎಲ್ಲ ರೀತಿಯಲ್ಲೂ ಇವರನ್ನೇ ಹೋಲುವ ರಾಜಮಹೇಂದ್ರಿಯ ವ್ಯಾಪಾರಸ್ಥರನ್ನು ಹೋಲಿಕೆಗೆ ಇಟ್ಟುಕೊಂಡರು. ವರ್ಷಗಳ ಬಳಿಕ ಎರಡೂ ಕಡೆ ಯಾರು ಹೊಸ ಉದ್ಯಮ ಆರಂಭಿಸಿದರು, ಎಷ್ಟು ಬಂಡವಾಳ ಹೂಡಿದರು, ಎಷ್ಟು ಮಂದಿಗೆ ಕೆಲಸ ಕೊಟ್ಟರು ಎಂದು ಲೆಕ್ಕ ಹಾಕಿದರು. ತರಬೇತಿ ಪಡೆದವರು ಮುಂದಿದ್ದರು. ಡೇವಿಡ್ ವಿಂಟರ್ ಅವರೊಂದಿಗೆ ಸೇರಿ ಈ ಫಲಿತಾಂಶವನ್ನು 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಇಂದು ದೇಶದ ಉದ್ದಗಲಕ್ಕೆ ನಡೆಯುವ ಉದ್ಯಮಶೀಲತಾ ಶಿಬಿರಗಳಲ್ಲಿ ಸ್ಫೂರ್ತಿ ತುಂಬುವ ಆಟಗಳನ್ನು ಆಡಿಸುತ್ತಾರಲ್ಲ, ಅವುಗಳ ಮೂಲ ಆ ಪ್ರಯೋಗದಲ್ಲಿದೆ. ಆಟ ಉಳಿಯಿತು. ಹೋಲಿಸಿ ನೋಡುವ ಪದ್ಧತಿ ಮಾತ್ರ ಬಿದ್ದುಹೋಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಇನ್ನು ನಮ್ಮದೇ ಜಿಲ್ಲೆಯ ಉದಾಹರಣೆಗೆ ಬರೋಣ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳು ಕೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಕರಾವಳಿಯವರಿಗೆ ಅಪರಿಚಿತವಲ್ಲ. ಊಟ ವಸತಿಯೊಂದಿಗೆ ಉಚಿತ ತರಬೇತಿ, ಕೆಲವು ದಿನಗಳಿಂದ ಆರೇಳು ವಾರಗಳವರೆಗಿನ ಕೋರ್ಸುಗಳು, ತರಬೇತಿ ಮುಗಿದ ಮೇಲೂ ಎರಡು ವರ್ಷ ಜೊತೆಗಿರುವ ಕ್ರಮ. ಈ ಮಾದರಿಯನ್ನು ಮೆಚ್ಚಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಜಿಲ್ಲೆಗೊಂದರಂತೆ ಬ್ಯಾಂಕ್ ಪ್ರಾಯೋಜಿತ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸಲು ಮುಂದಾಯಿತು. ತರಬೇತಿ ಕೊಟ್ಟು ಕೈತೊಳೆದುಕೊಳ್ಳುವ ನೂರಾರು ಯೋಜನೆಗಳ ನಡುವೆ ಎರಡು ವರ್ಷದ ಬೆನ್ನುಹತ್ತುವಿಕೆಯನ್ನು ನಿಯಮವಾಗಿಸಿದ ಈ ವ್ಯವಸ್ಥೆಯನ್ನು ನಾವು ಮೆಚ್ಚುತ್ತೇವೆ. ಅದು ಇರುವುದರಿಂದಲೇ ಮುಂದಿನ ಪ್ರಶ್ನೆಗಳನ್ನು ಕೇಳುವುದಕ್ಕೂ ಆಸ್ಪದವಿದೆ.

ಆ ವಲಯದಲ್ಲಿ 'ಸೆಟಲ್‌ಮೆಂಟ್' ಎಂಬ ಪದ ಚಾಲ್ತಿಯಲ್ಲಿದೆ. ತರಬೇತಿ ಪಡೆದವನು ನೆಲೆ ನಿಂತನೇ ಎಂಬುದು ಅದರ ಅರ್ಥ. ನೂರರಲ್ಲಿ ಕನಿಷ್ಠ ಎಪ್ಪತ್ತು ಮಂದಿ ನೆಲೆ ನಿಲ್ಲಬೇಕು, ಅವರಲ್ಲಿ ಅರ್ಧದಷ್ಟಾದರೂ ಬ್ಯಾಂಕ್ ಸಾಲದ ನೆರವಿನಿಂದ ನೆಲೆ ನಿಲ್ಲಬೇಕು ಎಂಬುದು ಮಾನದಂಡ. ಬ್ಯಾಂಕ್ ಸಾಲದಿಂದ ಉದ್ಯೋಗ ಮಾಡಿದವರು, ಸ್ವಂತ ಹಣದಿಂದ ಮಾಡಿದವರು, ಮತ್ತೊಬ್ಬರ ಕೈಕೆಳಗೆ ಸಂಬಳಕ್ಕೆ ಸೇರಿದವರು, ಈ ಮೂರು ಬಗೆಯವರೂ ನೆಲೆ ನಿಂತವರ ಲೆಕ್ಕಕ್ಕೆ ಬರುತ್ತಾರೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪಿಲ್ಲ, ಆದರೆ ಸಾಲದು. ಬಂಟ್ವಾಳದ ಕಡೆಯ ಒಬ್ಬ ಹುಡುಗ ಹವಾನಿಯಂತ್ರಕ ಯಂತ್ರಗಳ ರಿಪೇರಿ ಕಲಿತನೆಂದು ಇಟ್ಟುಕೊಳ್ಳೋಣ. ಮೂರು ತಿಂಗಳು ಊರಿನಲ್ಲಿ ಅಂಗಡಿ ಇಡಲು ಯತ್ನಿಸಿದ, ಕೈಗೂಡಲಿಲ್ಲ. ಭಾವನ ಮೂಲಕ ವೀಸಾ ದೊರಕಿ ದಮ್ಮಾಮ್‌ಗೆ ಹೋದ. ಅವನ ಮನೆಗೆ ಅದು ಖಂಡಿತ ಸೌಭಾಗ್ಯವೇ. ಆದರೆ ಅವನು ಯಾವ ಕಾಲಂಗೆ ಸೇರಬೇಕು? ಉದ್ಯಮಿಗಳನ್ನು ಬೆಳೆಸುವ ಯೋಜನೆಯ ಯಶಸ್ಸಿಗೋ, ಊರಿನಲ್ಲಿ ಉದ್ಯಮ ನಡೆಸಲಾಗದ ಪರಿಸ್ಥಿತಿಯ ಪುರಾವೆಗೋ? ಎರಡನ್ನೂ ಒಂದೇ 'ನೆಲೆ ನಿಂತವ' ಎಂಬ ಪದದೊಳಗೆ ತುರುಕಿದರೆ ಸಂಸ್ಥೆಯ ಶೇಕಡಾವಾರು ಏರುತ್ತದೆ. ಆದರೆ ಆ ಊರಿನಲ್ಲಿ ಆ ಕಸುಬಿನ ಅಂಗಡಿ ಯಾಕೆ ನಡೆಯಲಿಲ್ಲ ಎಂಬ ಮಾಹಿತಿ ಸಂಪೂರ್ಣ ಕಳೆದುಹೋಗುತ್ತದೆ. ಮುಂದಿನ ಬ್ಯಾಚಿನಲ್ಲಿ ಮತ್ತೆ ಮೂವತ್ತು ಹುಡುಗರು ಅದೇ ಕಸುಬು ಕಲಿಯಲು ಕೂರುತ್ತಾರೆ.

ಸಾಲದ ವಿಷಯವೂ ಹಾಗೆಯೇ. ಸಾಲ ಸಿಗುವುದು ಉದ್ಯಮದ ಆರಂಭ, ಅದರ ಫಲವಲ್ಲ. ಆದರೆ ಸಾಲ ಮಂಜೂರಾತಿಯನ್ನೇ ಯಶಸ್ಸಿನ ಅಳತೆಗೋಲು ಮಾಡಿದಾಗ ಸಾಲ ಬೇಕಿಲ್ಲದವನಿಗೂ ಸಾಲ ಕೊಡಿಸುವ ಉತ್ಸಾಹ ಹುಟ್ಟುತ್ತದೆ. ಬಡ್ಡಿಯ ವ್ಯವಹಾರ ಬೇಡವೆಂದು ಮನೆಯವರ ಉಳಿತಾಯದಿಂದ ಅಥವಾ ಗೆಳೆಯನ ಪಾಲುದಾರಿಕೆಯಿಂದ ಸಣ್ಣದಾಗಿ ಆರಂಭಿಸುವವನು ಈ ಅಳತೆಯಲ್ಲಿ ಒಂದು ಮೆಟ್ಟಿಲು ಕೆಳಗೆ ಕಾಣುತ್ತಾನೆ. ಎರಡು ಲಕ್ಷ ಸಾಲ ಪಡೆದು ವರ್ಷದೊಳಗೆ ಮುಳುಗಿದವನು ಮೇಲೆ ಕಾಣುತ್ತಾನೆ. ಮುಳುಗಿದವನ ಮನೆಗೆ ವಸೂಲಿಗೆ ಬರುವ ಬ್ಯಾಂಕಿನವರಿಗೂ ಅವನನ್ನು ಯಶಸ್ವಿ ಎಂದು ಬರೆದುಕೊಂಡ ತರಬೇತಿಯವರಿಗೂ ಪರಸ್ಪರ ಮಾತುಕತೆಯೇ ಇರುವುದಿಲ್ಲ.

ಇಷ್ಟಕ್ಕೂ ಈ ಬೆನ್ನುಹತ್ತುವಿಕೆ ನಡೆಯುವುದು ಹೇಗೆ? ಹೆಚ್ಚಿನ ಯೋಜನೆಗಳಲ್ಲಿ ಫೋನ್ ಮೂಲಕ. ಬ್ಯಾಚಿನ ಪಟ್ಟಿ ಹಿಡಿದು ಒಬ್ಬರು ಕರೆ ಮಾಡುತ್ತಾರೆ. ಮೂವತ್ತರಲ್ಲಿ ಹದಿನೆಂಟು ಮಂದಿ ಫೋನ್ ಎತ್ತುತ್ತಾರೆ, ಅವರಲ್ಲಿ ಹದಿನಾಲ್ಕು ಮಂದಿ ಏನೋ ಮಾಡುತ್ತಿದ್ದೇನೆ ಎನ್ನುತ್ತಾರೆ ಎಂದು ಭಾವಿಸೋಣ. ಹದಿನೆಂಟರಲ್ಲಿ ಹದಿನಾಲ್ಕು ಎಂದರೆ ಶೇ. 78, ಗುರಿ ದಾಟಿತು! ಆದರೆ ಫೋನ್ ಎತ್ತದ ಹನ್ನೆರಡು ಮಂದಿ ಯಾರು? ಸಿಮ್ ಬದಲಿಸಿದವರು, ಊರು ಬಿಟ್ಟವರು, ಸಾಲಗಾರರ ಕರೆಗೆ ಅಂಜಿ ಅಪರಿಚಿತ ನಂಬರನ್ನು ಎತ್ತದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಸೋತವರು ಹೆಚ್ಚಾಗಿ ಇರುವುದೇ ಇವರ ನಡುವೆ. ಮೂವತ್ತರಲ್ಲಿ ಹದಿನಾಲ್ಕು ಎಂದು ಲೆಕ್ಕ ಹಾಕಿದರೆ ಅದೇ ಬ್ಯಾಚಿನ ಫಲಿತಾಂಶ ಶೇ. 47ಕ್ಕೆ ಇಳಿಯುತ್ತದೆ. ಎರಡೂ ಗಣಿತದ ಪ್ರಕಾರ ಸರಿಯೇ. ಯಾವುದನ್ನು ಬರೆಯಬೇಕು ಎಂಬುದು ಗಣಿತದ ಪ್ರಶ್ನೆಯಲ್ಲ, ಪ್ರಾಮಾಣಿಕತೆಯ ಪ್ರಶ್ನೆ.

ಅದನ್ನು ಬರೆಯುವವರ ಸ್ಥಿತಿಯನ್ನೂ ಗಮನಿಸಬೇಕು. ಯೋಜನೆಯೊಂದರ ನಿಗಾ ಮತ್ತು ಮೌಲ್ಯಮಾಪನದ ಮುಖ್ಯಸ್ಥರಾಗಿರುವವರು ಸಾಮಾನ್ಯವಾಗಿ ಅದೇ ಯೋಜನೆಯ ನಿರ್ದೇಶಕರ ಕೈಕೆಳಗಿರುತ್ತಾರೆ. ಅವರ ಸಂಬಳ ಅದೇ ಅನುದಾನದಿಂದ ಬರುತ್ತದೆ. ಮುಂದಿನ ಕಂತು ಬಿಡುಗಡೆಯಾಗುವುದು ಅವರು ಬರೆಯುವ ಅಂಕಿಯ ಮೇಲೆ ನಿಂತಿದೆ. ಶೇ. 47 ಎಂದು ಬರೆದರೆ ಸಹೋದ್ಯೋಗಿಗಳ ಕೆಲಸಕ್ಕೇ ಸಂಚಕಾರ. ಇಂಥ ಸ್ಥಳದಲ್ಲಿ ಕುಳಿತವರಿಂದ ಕೆಟ್ಟ ಸುದ್ದಿಯನ್ನು ನಿರೀಕ್ಷಿಸುವುದು ಅವರ ಮೇಲೆ ಎಸಗುವ ಅನ್ಯಾಯ. ಅವರು ಕಳ್ಳರೆಂದು ನಾವು ಹೇಳುತ್ತಿಲ್ಲ. ಸತ್ಯ ಹೇಳಿದವರಿಗೆ ಶಿಕ್ಷೆಯಾಗುವಂತೆ ವ್ಯವಸ್ಥೆಯನ್ನು ಕಟ್ಟಿ ಆಮೇಲೆ ಸತ್ಯ ಸಿಗಲಿಲ್ಲವೆಂದು ಗೊಣಗುವುದು ಸರಿಯಲ್ಲ ಎಂಬುದಷ್ಟೇ ನಮ್ಮ ವಾದ.

ಪರಿಶೀಲನೆ ಕಡ್ಡಾಯವಾಗಿರುವ ಕಡೆಯೂ ಅದು ಕಲಿಕೆಯಾಗುವುದಿಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸರಕಾರದ ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನ ಠೇವಣಿಯಾಗಿ ಇರುತ್ತದೆ. ಘಟಕ ಇದೆಯೇ ಎಂದು ಸ್ಥಳದಲ್ಲೇ ಪರಿಶೀಲಿಸಿದ ಬಳಿಕವಷ್ಟೇ ಅದು ಸಾಲಕ್ಕೆ ಜಮೆಯಾಗುತ್ತದೆ. ವಂಚನೆ ತಡೆಯಲು ಇದು ಒಳ್ಳೆಯ ಕ್ರಮ. ಆದರೆ ಇಲ್ಲಿ ಮುಖ್ಯವಾಗುವುದು ಒಂದೇ ಪ್ರಶ್ನೆ: ಘಟಕ ಇದೆಯೋ ಇಲ್ಲವೋ? ಇಲ್ಲದಿದ್ದರೆ ಯಾಕಿಲ್ಲ, ಕಚ್ಚಾವಸ್ತು ಸಿಗಲಿಲ್ಲವೋ, ಗಿರಾಕಿ ಹಣ ಬಾಕಿ ಉಳಿಸಿದನೋ, ಪಾಲುದಾರ ಮೋಸ ಮಾಡಿದನೋ, ತಾಯಿಯ ಕಾಯಿಲೆಗೆ ಬಂಡವಾಳ ಕರಗಿತೋ ಎಂಬ ವಿವರಗಳನ್ನೆಲ್ಲ ಒಂದೆಡೆ ಕಲೆಹಾಕಿ ಮುಂದಿನ ತರಬೇತಿಯ ಪಠ್ಯವಾಗಿಸಿದರೆ ಅದಕ್ಕಿಂತ ಬೆಲೆಬಾಳುವ ಪಾಠ ಬೇರೊಂದಿಲ್ಲ. ಮುಚ್ಚಿದ ಅಂಗಡಿಯೊಂದು ಹತ್ತು ಯಶೋಗಾಥೆಗಳಿಗಿಂತ ಹೆಚ್ಚು ಕಲಿಸುತ್ತದೆ. ಆದರೂ ಎಲ್ಲ ಸಂಸ್ಥೆಗಳ ಪುಸ್ತಿಕೆಗಳಲ್ಲಿ ಯಶೋಗಾಥೆಗಳೇ ತುಂಬಿರುತ್ತವೆ.

ಅಳೆಯುವುದು ಎಷ್ಟು ಮುಖ್ಯವೋ ಯಾವಾಗ ಅಳೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಇದಕ್ಕೆ ಆಫ್ರಿಕದ ಉಗಾಂಡ ಒಂದು ಪಾಠ ಹೇಳಿಕೊಟ್ಟಿದೆ. ದೀರ್ಘಕಾಲದ ಬಂಡಾಯದಿಂದ ಜರ್ಜರಿತವಾಗಿದ್ದ ಅದರ ಉತ್ತರ ಭಾಗದಲ್ಲಿ 2008ರಲ್ಲಿ ಸರಕಾರವು ಯುವಕರ ಗುಂಪುಗಳಿಗೆ ಕಸುಬು ಕಲಿಯಲು ಮತ್ತು ಉಪಕರಣ ಕೊಳ್ಳಲು ನೆರವು ನೀಡಿತು. ತಲಾ ಸುಮಾರು 380 ಡಾಲರ್, ಅಂದರೆ ಆ ಯುವಕರ ಹೆಚ್ಚುಕಡಿಮೆ ಒಂದು ವರ್ಷದ ಆದಾಯದಷ್ಟು. ಅರ್ಹವಾದ 535 ಗುಂಪುಗಳಿದ್ದುವು, ಹಣ ಇದ್ದದ್ದು 265ಕ್ಕೆ ಮಾತ್ರ. ಚೀಟಿ ಎತ್ತಲಾಯಿತು. ಶಿಫಾರಸು ಚೀಟಿಗೆ ಬದಲು ಅದೃಷ್ಟದ ಚೀಟಿ! ಇದರಿಂದಾಗಿ ಸಿಕ್ಕಿದವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ನಾಲ್ಕು ವರ್ಷಗಳ ಬಳಿಕ ಸಂಶೋಧಕರು ನೋಡಿದಾಗ ನೆರವು ಪಡೆದವರ ಗಳಿಕೆ ಉಳಿದವರಿಗಿಂತ ಶೇ. 38ರಷ್ಟು ಹೆಚ್ಚಿತ್ತು. ಜಗತ್ತು ಕೊಂಡಾಡಿತು. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಪವಾಡವೆಂದೇ ದಾಖಲಾಗುತ್ತಿತ್ತು.

ಅವರು ನಿಲ್ಲಿಸಲಿಲ್ಲ. ಒಂಬತ್ತು ವರ್ಷಗಳ ಬಳಿಕ ಮತ್ತೆ ಅದೇ ಯುವಕರನ್ನು ಹುಡುಕಿಕೊಂಡು ಹೋದರು. ಆಗ ಗಳಿಕೆಯ ಅಂತರ ಬಹುತೇಕ ಇಲ್ಲವಾಗಿತ್ತು. ನೆರವು ಪಡೆದವರು ಕುಸಿದಿರಲಿಲ್ಲ. ಪಡೆಯದವರು ಕೂಲಿ ಮಾಡಿ, ಸಣ್ಣಪುಟ್ಟ ವ್ಯಾಪಾರ ಮಾಡಿ ಮೆಲ್ಲಗೆ ಮೇಲೆ ಬಂದಿದ್ದರು. ಆದರೂ ನೆರವು ಪಡೆದವರ ಬಳಿ ಆಸ್ತಿಪಾಸ್ತಿ ಹೆಚ್ಚಿತ್ತು, ಅವರಲ್ಲಿ ಕಸುಬುದಾರರ ಸಂಖ್ಯೆಯೂ ಹೆಚ್ಚಿತ್ತು. ಅಂದರೆ ಆ ಹಣ ಬದುಕನ್ನು ಶಾಶ್ವತವಾಗಿ ಬೇರೆ ಹಳಿಗೆ ತರಲಿಲ್ಲ. ಬಡತನದಿಂದ ಮೇಲೇಳುವುದನ್ನು ಕೆಲವು ವರ್ಷ ಬೇಗವಾಗಿಸಿತು. ಇಪ್ಪತ್ತರ ಪ್ರಾಯದಲ್ಲಿ ಆ ಕೆಲವು ವರ್ಷಗಳಿಗೆ ಸಣ್ಣ ಬೆಲೆಯಲ್ಲ. ಹಾಗಾಗಿ ನಾವು ಆ ಯೋಜನೆಯನ್ನು ಸೋಲೆಂದು ಕರೆಯುವುದಿಲ್ಲ. ಆದರೆ ನಮ್ಮಲ್ಲಿ ಅಳೆಯುವುದು ಹೆಚ್ಚಾಗಿ ಆರು ತಿಂಗಳಿಗೆ, ಹೆಚ್ಚೆಂದರೆ ಎರಡು ವರ್ಷಕ್ಕೆ. ಐದು ವರ್ಷದ ಅವಧಿಯ ಸರಕಾರಕ್ಕೆ ಒಂಬತ್ತು ವರ್ಷದ ಉತ್ತರ ಯಾಕೆ ಬೇಕು, ಅಲ್ಲವೇ?

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. ಅಹ್ಮದಾಬಾದಿನ ಸೇವಾ ಬ್ಯಾಂಕ್ 1974ರಿಂದ ದುಡಿಯುವ ಹೆಂಗಸರಿಗಾಗಿ ನಡೆಯುತ್ತಿರುವ ಸಹಕಾರಿ ಬ್ಯಾಂಕು. ಅದರ ಗ್ರಾಹಕರಾದ ಕೆಲವು ನೂರು ಮಹಿಳೆಯರಲ್ಲಿ ಚೀಟಿ ಎತ್ತಿ ಆರಿಸಿದವರಿಗೆ ಎರಡು ದಿನಗಳ ವ್ಯಾಪಾರ ತರಬೇತಿ ನೀಡಲಾಯಿತು. ಅವರಲ್ಲೂ ಕೆಲವರಿಗೆ, ಇದೂ ಚೀಟಿಯ ಮೂಲಕವೇ, 'ನಿಮ್ಮ ಗೆಳತಿಯೊಬ್ಬಳನ್ನು ಕರೆದುಕೊಂಡು ಬನ್ನಿ' ಎನ್ನಲಾಯಿತು. ಒಟ್ಟಾರೆ ಸರಾಸರಿಯನ್ನಷ್ಟೇ ನೋಡಿ ಮುಗಿಸಿದ್ದರೆ ತರಬೇತಿಯಿಂದ ಅಷ್ಟಿಷ್ಟು ಪ್ರಯೋಜನ ಎಂದು ವರದಿ ಬರೆಯಬಹುದಿತ್ತು. ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಪ್ರಯೋಜನವಾದದ್ದು ಗೆಳತಿಯೊಂದಿಗೆ ಬಂದವರಿಗೆ. ನಾಲ್ಕು ತಿಂಗಳ ಬಳಿಕ ಅವರ ವ್ಯಾಪಾರ ಹೆಚ್ಚಿತ್ತು, ಮನೆಯ ಆದಾಯವೂ ಹೆಚ್ಚಿತ್ತು. ಒಬ್ಬಂಟಿಯಾಗಿ ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹೆಣ್ಣುಮಕ್ಕಳ ಓಡಾಟಕ್ಕೆ ಹೆಚ್ಚು ನಿರ್ಬಂಧವಿರುವ ಧರ್ಮ, ಜಾತಿಗಳ ಮಹಿಳೆಯರಲ್ಲಿ ಗೆಳತಿಯ ಜೊತೆಯ ಪರಿಣಾಮ ಇನ್ನೂ ಬಲವಾಗಿತ್ತು.

ನಮ್ಮ ಓದುಗರು ಈ ಮಾತಿನ ಬಳಿ ಒಂದು ಕ್ಷಣ ನಿಲ್ಲಬೇಕೆಂದು ವಿನಂತಿಸುತ್ತೇವೆ. ನಿರ್ಬಂಧವಿರುವ ಸಮುದಾಯಗಳ ಪಟ್ಟಿಯಲ್ಲಿ ನಾವೂ ಇದ್ದೇವೆ. ಮನೆಯಂಗಳ ದಾಟಿ ತರಬೇತಿ ಕೇಂದ್ರಕ್ಕೆ ಹೋಗಲು ಹುಡುಗಿಯೊಬ್ಬಳಿಗೆ ಬೇಕಾಗಿದ್ದುದು ಹೆಚ್ಚಿನ ಸಬ್ಸಿಡಿಯಲ್ಲ, ಪಕ್ಕದಲ್ಲೊಬ್ಬಳು ಗೆಳತಿ. ಇದು ತಿಳಿದದ್ದು ಯಾರು ಯಾವ ಹಿನ್ನೆಲೆಯವರೆಂದು ಪ್ರತ್ಯೇಕವಾಗಿ ಎಣಿಸಿದ್ದರಿಂದ. ಸಾಚಾರ್ ಸಮಿತಿಯು 2006ರಲ್ಲಿ ಸಲ್ಲಿಸಿದ ವರದಿಯಲ್ಲಿ ದುಡಿಯುವ ಮುಸ್ಲಿಮರ ಪೈಕಿ ಸುಮಾರು ಶೇ. 61 ಮಂದಿ ಸ್ವಯಂ ಉದ್ಯೋಗಿಗಳು, ಹಿಂದೂಗಳಲ್ಲಿ ಈ ಪ್ರಮಾಣ ಸುಮಾರು ಶೇ. 55 ಎಂದು ಗುರುತಿಸಿತ್ತು. ಸ್ವಯಂ ಉದ್ಯೋಗದ ಯೋಜನೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದು ಈ ಸಮುದಾಯಕ್ಕೆ ಅನ್ನದ ಪ್ರಶ್ನೆ. ಅದೇ ಸಮಿತಿಯು ವಿವಿಧ ಸಮುದಾಯಗಳಿಗೆ ಯೋಜನೆಗಳು ಎಷ್ಟು ತಲುಪುತ್ತಿವೆ ಎಂದು ತಿಳಿಯಲು ರಾಷ್ಟ್ರೀಯ ದತ್ತಾಂಶ ಕೋಶವನ್ನೂ ಅದನ್ನು ವಿಶ್ಲೇಷಿಸಲು ಸ್ವಾಯತ್ತ ಮೌಲ್ಯಮಾಪನ ಮತ್ತು ನಿಗಾ ಪ್ರಾಧಿಕಾರವನ್ನೂ ಶಿಫಾರಸು ಮಾಡಿತ್ತು. ಯೋಜನಾ ಆಯೋಗದೊಳಗೆ ಅಂಥ ಪ್ರಾಧಿಕಾರ ರಚನೆಯೂ ಆಯಿತು. 2015ರಲ್ಲಿ ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. ಸಾಚಾರ್ ವರದಿಯ ಕುರಿತು ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಸಭೆಗಳು ನಡೆದಿವೆ. ಮೀಸಲಾತಿಯ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ ಠರಾವುಗಳಾಗಿವೆ. ಎಣಿಕೆಯ ಈ ಶಿಫಾರಸಿನ ಪರವಾಗಿ ಒಂದು ಧರಣಿ ನಡೆದದ್ದು ನಮ್ಮ ನೆನಪಿಗೆ ಬರುತ್ತಿಲ್ಲ.

ಅಂದಹಾಗೆ, ಸರಕಾರವನ್ನು ದೂರಿದ ಬಾಯಲ್ಲೇ ನಮ್ಮ ಸಂಘ ಸಂಸ್ಥೆಗಳನ್ನೂ ಕೇಳಬೇಕಾಗಿದೆ. ವರ್ಷಕ್ಕೆಷ್ಟು ಹೊಲಿಗೆ ಯಂತ್ರಗಳನ್ನು ನಾವು ವಿತರಿಸುತ್ತೇವೆ? ಎಷ್ಟು ತಳ್ಳುಗಾಡಿಗಳನ್ನು? ವೇದಿಕೆ, ಶಾಮಿಯಾನ, ಅತಿಥಿಗಳ ಸಾಲು, ಯಂತ್ರದ ಹಿಂದೆ ತಲೆತಗ್ಗಿಸಿ ನಿಂತ ಹೆಣ್ಣುಮಗಳು. ಮರುದಿನ ಪತ್ರಿಕೆಯಲ್ಲಿ ಫೋಟೋ. ಅಂಥ ಫೋಟೋಗಳನ್ನು ಪ್ರಕಟಿಸಿದವರಲ್ಲಿ ನಾವೂ ಸೇರಿದ್ದೇವೆ. ಆ ಯಂತ್ರ ಈಗ ಎಲ್ಲಿದೆ ಎಂದು ನಾವು ಕೇಳಲಿಲ್ಲ. ಅದು ಹೊಲಿಯುತ್ತಿದೆಯೇ, ಮೂಲೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿದೆಯೇ, ಮಗುವಿನ ಆಸ್ಪತ್ರೆಯ ಬಿಲ್ಲಿಗೆ ಮಾರಾಟವಾಗಿದೆಯೇ? ಪಡೆಯುವವನು ಮತ್ತೆ ಕೈಚಾಚದಂತೆ, ಸಾಧ್ಯವಾದರೆ ಮುಂದೆ ಕೊಡುವವನಾಗುವಂತೆ ನೆರವಾಗಬೇಕು ಎಂಬುದು ಝಕಾತಿನ ಆಶಯವೆಂದು ನಾವು ಪ್ರವಚನಗಳಲ್ಲಿ ಹೇಳುತ್ತೇವೆ. ಹಾಗಿದ್ದರೆ ಕಳೆದ ಹತ್ತು ವರ್ಷಗಳಲ್ಲಿ ಪಡೆದವರ ಪೈಕಿ ಎಷ್ಟು ಮಂದಿ ಕೊಡುವವರ ಪಟ್ಟಿಗೆ ಸೇರಿದರು ಎಂಬ ಒಂದು ಪುಟದ ಲೆಕ್ಕವನ್ನು ಒಂದೊಂದು ಊರಿನ ಸಮಿತಿಯೂ ಮಂಡಿಸಲು ಸಾಧ್ಯವಾಗಬೇಕಲ್ಲವೇ? ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ತಜ್ಞರು ಬೇಕಿಲ್ಲ. ನೋಟ್‌ಬುಕ್ಕೊಂದು ಸಾಕು. ವರ್ಷಕ್ಕೊಮ್ಮೆ ಅವರ ಮನೆಗೆ ಹೋಗುವ, ಕೊಟ್ಟವರೆಂಬ ಠೀವಿಯಿಲ್ಲದೆ ಹೋಗುವ, ಒಬ್ಬಿಬ್ಬರು ಕಾರ್ಯಕರ್ತರು ಸಾಕು.

ಸರಕಾರದ ಮಟ್ಟದಲ್ಲಿ ಆಗಬೇಕಾದದ್ದೂ ಮಹಾ ಕಷ್ಟದ್ದೇನಲ್ಲ. ಮೌಲ್ಯಮಾಪನದ ಹೊಣೆ ಹೊತ್ತವರನ್ನು ಯೋಜನೆ ನಡೆಸುವವರ ಕೈಯಿಂದ ಬಿಡಿಸಬೇಕು. ಅವರ ಸಂಬಳ ಮತ್ತು ಬಡ್ತಿಗೆ ಫಲಿತಾಂಶದ ಅಂಕಿಗೂ ಸಂಬಂಧ ಇರಬಾರದು. ಫೋನ್ ಎತ್ತದವರನ್ನು ಛೇದದಿಂದ ಕೈಬಿಡುವ ಪದ್ಧತಿ ನಿಲ್ಲಬೇಕು. ಅವರಲ್ಲಿ ಹತ್ತರಲ್ಲಿ ಒಬ್ಬರನ್ನಾದರೂ ಮನೆಗೆ ಹೋಗಿ ಹುಡುಕಬೇಕು. ಕಸುಬುವಾರು, ತಾಲೂಕುವಾರು ಎಷ್ಟು ಘಟಕಗಳು ಎರಡನೆಯ ವರ್ಷ ದಾಟಿದುವು, ಎಷ್ಟು ಮುಚ್ಚಿದುವು ಎಂಬ ಪಟ್ಟಿಯನ್ನು ತರಬೇತಿಗೆ ಅರ್ಜಿ ಹಾಕುವ ಪ್ರತಿಯೊಬ್ಬನ ಕೈಗೆ, ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಮೊದಲ ದಿನವೇ ಕೊಡಬೇಕು. ಬೀದಿಗೆ ನಾಲ್ಕು ಮೊಬೈಲ್ ರಿಪೇರಿ ಅಂಗಡಿಗಳು ಮುಚ್ಚಿದ ಪೇಟೆಯಲ್ಲಿ ಐದನೆಯದನ್ನು ತೆರೆಯುವ ಮೊದಲು ಅದನ್ನು ತಿಳಿಯುವ ಹಕ್ಕು ಅವನಿಗಿದೆ. ಯಾಕೆಂದರೆ ಸಾಲದ ಪತ್ರಕ್ಕೆ ಸಹಿ ಹಾಕುವವನು ಅವನು, ಜಾಮೀನಾಗಿ ನಿಲ್ಲುವುದು ಅವನ ತಂದೆ.

ಈ ಪಟ್ಟಿಗೆ ಬೇಕಾದ ಮಾಹಿತಿ ಬಹುಪಾಲು ಈಗಾಗಲೇ ಬ್ಯಾಂಕುಗಳ ಬಳಿ ಇದೆ. ಯಾವ ಸಾಲದ ಕಂತು ಎಷ್ಟನೆಯ ತಿಂಗಳಿಗೆ ನಿಂತಿತು ಎಂಬುದು ಬ್ಯಾಂಕಿಗೆ ಗೊತ್ತು. ಯಾರು ಯಾವ ಕಸುಬು ಕಲಿತರು ಎಂಬುದು ತರಬೇತಿ ಸಂಸ್ಥೆಗೆ ಗೊತ್ತು. ಹೆಸರು ವಿಳಾಸಗಳನ್ನು ಬಿಟ್ಟು ಈ ಎರಡು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಡುವಂತೆ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆ ಆದೇಶಿಸಬಹುದು. ಆ ಸಭೆ ಮೂರು ತಿಂಗಳಿಗೊಮ್ಮೆ ಹೇಗೂ ನಡೆಯುತ್ತದೆ. ನಮ್ಮ ಜಿಲ್ಲೆಯ ಶಾಸಕರು ಮತ್ತು ಸಂಸದರು ಮುಂದಿನ ಸಭೆಯಲ್ಲಿ ಎಷ್ಟು ಸಾಲ ವಿತರಣೆಯಾಯಿತು ಎಂದು ಕೇಳುವುದರ ಜೊತೆಗೆ, ಎರಡು ವರ್ಷದ ಹಿಂದೆ ಸಾಲ ಪಡೆದ ಯುವಕರ ಅಂಗಡಿಗಳಲ್ಲಿ ಎಷ್ಟು ಇಂದು ಬೆಳಿಗ್ಗೆ ತೆರೆದಿವೆ ಎಂದೂ ಕೇಳಲಿ.